ಹಿಜಾಬ್, ಸಮವಸ್ತ್ರ ಮತ್ತು ನೈತಿಕ ಶಿಕ್ಷಣ

ಹಿಜಾಬ್ ಎಂದರೆ ಮುಸ್ಲಿಂ ಹೆಣ್ಣುಮಕ್ಕಳು ತಲೆ, ಕತ್ತು ಮುಚ್ಚಿಕೊಳ್ಳುವ ವಸ್ತ್ರ. ಅರಬ್ಬಿಯಲ್ಲಿ ಈ ಪದಕ್ಕೆ ಪರದೆ ಎಂಬ ಅರ್ಥ. ಮೈಯೆಲ್ಲ ಮುಚ್ಚುವ ಬುರ್ಖಾ, ಮುಖ ಮರೆಸುವ ನಿಕಾಬ್ ಇದಕ್ಕಿಂತ ಬೇರೆ. ಕುರಾನಿನ 24ನೇ ಅಧ್ಯಾಯ ಹೆಂಗಸರ ಉಡುಪಿನ ವಿಚಾರಕ್ಕೆ ಬರುವ ಮೊದಲು, ದೃಷ್ಟಿ ತಗ್ಗಿಸಿ ನಡೆಯಿರಿ ಎಂದು ಗಂಡಸರಿಗೆ ಹೇಳುತ್ತದೆ. ಅಲ್ಲಿ ಉಡುಪು ನಡತೆಯ ಪಾಠದ ಒಂದು ಭಾಗ, ಅಷ್ಟೆ.

ಸಮವಸ್ತ್ರದ್ದೂ ನಡತೆಯ ಪಾಠವೇ: ಉಳ್ಳವರ ಮಗು, ಇಲ್ಲದವರ ಮಗು ಎಂಬ ಭೇದ ತರಗತಿಯಲ್ಲಿ ಕಾಣಬಾರದು. ಈ ಎರಡು ಪಾಠಗಳು 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಎದುರುಬದುರಾದವು. ತಲೆವಸ್ತ್ರ ತೊಟ್ಟವರಿಗೆ ತರಗತಿಯ ಬಾಗಿಲು ಮುಚ್ಚಿತು. ಇದಕ್ಕೆ ಪ್ರತಿಯಾಗಿ ಬೇರೆ ಕಾಲೇಜುಗಳಲ್ಲಿ ಕೆಲವು ವಿದ್ಯಾರ್ಥಿಗಳು ಕೇಸರಿ ಶಾಲು ಹೊದ್ದು ಬಂದರು. 2022ರ ಫೆಬ್ರುವರಿ 5ರಂದು ಸರ್ಕಾರ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಸಮವಸ್ತ್ರದ ಆದೇಶ ಹೊರಡಿಸಿತು. ಮೂರೇ ದಿನಕ್ಕೆ ಗಲಾಟೆ ಹೆಚ್ಚಿ ಪ್ರೌಢಶಾಲೆ, ಕಾಲೇಜುಗಳಿಗೆ ರಜೆ ಕೊಡಬೇಕಾಯಿತು.

ಈ ಚರಿತ್ರೆಯಲ್ಲಿ ಕಲ್ಪತರು ನಾಡು ಎನಿಸಿದ ತುಮಕೂರು ಜಿಲ್ಲೆಯ ಪಾಲು ದೊಡ್ಡದು. ಆಗ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದ ಬಿ.ಸಿ. ನಾಗೇಶ್ ತಿಪಟೂರಿನ ಶಾಸಕರಾಗಿದ್ದರು. ಆಗಿನ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿ ಪಕ್ಕದ ಚಿಕ್ಕನಾಯಕನಹಳ್ಳಿಯವರು. ಮಾರ್ಚ್‌ನಲ್ಲಿ ಗುಜರಾತ್ ಸರ್ಕಾರ ಭಗವದ್ಗೀತೆಯನ್ನು ಪಾಠಕ್ಕೆ ಸೇರಿಸುವುದಾಗಿ ಪ್ರಕಟಿಸಿದಾಗ, ಇಲ್ಲಿಯೂ ನೈತಿಕ ಶಿಕ್ಷಣದಲ್ಲಿ ಅದನ್ನು ತರುವ ಮಾತನ್ನು ನಾಗೇಶ್ ಆಡಿದರು. ತಲೆವಸ್ತ್ರ ಹೊರಗೆ, ಗೀತೆ ಒಳಗೆ ಎಂಬ ಭಾವನೆ ಹಲವು ಪೋಷಕರಲ್ಲಿ ಉಳಿಯಿತು, ಅದನ್ನು ಕಡೆಗಣಿಸಬಾರದಿತ್ತು. ಸಮವಸ್ತ್ರಕ್ಕೆ ಆಧಾರವಾದ ಅದೇ ಕಾಯ್ದೆ, ಧರ್ಮಭೇದ ಮೀರಿದ ಸೋದರಭಾವವನ್ನು ಬೆಳೆಸಬೇಕೆಂದೂ ಹೇಳುತ್ತದೆ.

ವಿದ್ಯಾರ್ಥಿನಿಯರ ಅರ್ಜಿಗಳ ಮೇಲೆ, ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿ, ಕೃಷ್ಣ ಎಸ್. ದೀಕ್ಷಿತ್, ಜೆ.ಎಂ. ಖಾಜಿ ಅವರ ಹೈಕೋರ್ಟ್ ಪೀಠ ಮಾರ್ಚ್ 15ರಂದು ತೀರ್ಪು ನೀಡಿತು: ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸರ್ಕಾರದ ಆದೇಶ ಸರಿ. ಸುಪ್ರೀಂ ಕೋರ್ಟಿನಲ್ಲಿ ಅಕ್ಟೋಬರ್ 13ರಂದು ಒಮ್ಮತ ಮೂಡಲಿಲ್ಲ. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವನ್ನು ಪುರಸ್ಕರಿಸಿದರು. ಮನೆಗೆಲಸ ಮುಗಿಸಿ ಶಾಲೆಗೆ ಬರುವ ಹುಡುಗಿಯ ಓದೇ ತಮಗೆ ಮುಖ್ಯವೆಂದು ಅವರು ಬರೆದದ್ದು ಈ ಪ್ರಕರಣದ ಅತ್ಯಂತ ಮಾನವೀಯ ಭಾಗ. ಗೇಟಿನ ಹೊರಗೆ ನಿಂತ ಹುಡುಗಿಗೆ ಯಾವ ನೀತಿಪಾಠ ಹೇಳಲು ಸಾಧ್ಯ?

2023ರ ವಿಧಾನಸಭಾ ಚುನಾವಣೆಯಲ್ಲಿ ನಾಗೇಶ್, ಮಾಧುಸ್ವಾಮಿ ಇಬ್ಬರೂ ಸೋತರು. ಅದಕ್ಕೂ ಮೊದಲೇ, ಸುಪ್ರೀಂ ಕೋರ್ಟಿನ ಭಿನ್ನ ತೀರ್ಪಿನಿಂದಾಗಿ, ಸೂಕ್ತ ಪೀಠ ರಚನೆಗೆಂದು ಪ್ರಕರಣ ಭಾರತದ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು.