ಗೂಡಿಗೆ ಮಾರುಕಟ್ಟೆ, ಕೈಗೆ ಮುಂಗಡ

ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ರೇಷ್ಮೆ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಆ ಒಂದು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗುತ್ತಿರಲಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ ನಮ್ಮದು. ಮನೆಯೊಳಗೆ ತೆಲುಗು, ಸ್ಕೂಲಿನಲ್ಲಿ ಕನ್ನಡ, ಗೂಡಿನಿಂದ ನೂಲು ತೆಗೆಯುವ ಪೇಟೆಯ ಫಿಲೇಚರುಗಳಲ್ಲಿ ಉರ್ದು. ಹುಳು ಹಣ್ಣಾದರೆ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಐದಾರು ದಿನಕ್ಕೆ ಗೂಡು ಬಿಡಿಸಿ ಅಪ್ಪ ಮೂಟೆ ಕಟ್ಟುತ್ತಿದ್ದರು. ಗೂಡು ಯಾರಿಗಾಗಿಯೂ ಕಾಯುವುದಿಲ್ಲ. ಇಟ್ಟಷ್ಟೂ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಚಿಟ್ಟೆ ತೂತು ಕೊರೆದು ಹೊರಗೆ ಬರುತ್ತದೆ, ಆಮೇಲೆ ಆ ಗೂಡಿನಿಂದ ನೂಲು ತೆಗೆಯಲಾಗದು.

ರೈತನ ಈ ಆತುರವೇ ದಳ್ಳಾಳಿಯ ಬಂಡವಾಳವಾಗಿತ್ತು. ನಮ್ಮಜ್ಜನ ಕಾಲದಲ್ಲಿ ಅವನು ಅಂಗಳಕ್ಕೇ ಬಂದು, ಮುಷ್ಟಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಬಾಯಿಗೆ ಬಂದ ರೇಟು ಹೇಳುತ್ತಿದ್ದನಂತೆ. ಇದನ್ನು ತಡೆಯಲೆಂದೇ ಮೈಸೂರು ಸರ್ಕಾರ 1959ರಲ್ಲಿ ರೇಷ್ಮೆ ಮೊಟ್ಟೆ ಮತ್ತು ಗೂಡಿನ ಕಾಯ್ದೆ ತಂದಿತು. ಮೊಟ್ಟೆ ತಯಾರಿಸಲು ಲೈಸೆನ್ಸು ಬೇಕು, ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು, ಲೈಸೆನ್ಸು ಇರುವ ರೀಲರುಗಳು, ಅಂದರೆ ನೂಲು ತೆಗೆಸುವವರು, ಎಲ್ಲರೆದುರು ಹರಾಜು ಕೂಗಬೇಕು ಎಂದಿತು ಕಾಯ್ದೆ. 1979ರಲ್ಲಿ ತಿದ್ದುಪಡಿ ಮಾಡಿ ನೂಲನ್ನೂ ಸೇರಿಸಿದರು, ಬೆಂಗಳೂರಿನಲ್ಲಿ ರೇಷ್ಮೆ ಎಕ್ಸ್‌ಚೇಂಜು ಬಂತು. ವ್ಯಾಪಾರಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಅಧಿಕಾರವನ್ನು ಎತ್ತಿಹಿಡಿಯಿತು.

ಕಾಯ್ದೆ ಬಂದ ಮಾತ್ರಕ್ಕೆ ಎಲ್ಲ ನೆಟ್ಟಗಾಯಿತು ಎಂದಲ್ಲ. ಮಾರುಕಟ್ಟೆಯ ಹೊರಗಡೆ ವ್ಯಾಪಾರದ ಮಾತು, ರೀಲರುಗಳು ಒಳಗೊಳಗೇ ಮಾತಾಡಿಕೊಂಡು ಕೂಗು ಏರಿಸುವುದಿಲ್ಲವೆಂಬ ದೂರು ಯಾವತ್ತೂ ಇದ್ದವು. ಗೌರಿಬಿದನೂರಿನವರಿಗೆ ಆಂಧ್ರದ ಗಡಿ ದಾಟಿದರೆ ಗೂಡು ಮಾರಲು ಹಿಂದೂಪುರ, ಚಿಂತಾಮಣಿಯವರಿಗೆ ಮದನಪಲ್ಲಿ. ಆದರೂ ಜಾಲರಿಗೆ ಗೂಡು ಸುರಿದು ನಿಂತ ಅಪ್ಪನ ಕೈಗೆ ಕೊನೆಗೆ ಒಂದು ಚೀಟಿ ಬರುತ್ತಿತ್ತು. ಅದರಲ್ಲಿ ಲಾಟಿನ ನಂಬರು, ತೂಕ, ರೇಟು ಬರೆದಿರುತ್ತಿತ್ತು. ಮನೆಗೆ ಬಂದು ಅದನ್ನು ಅವ್ವನೆದುರು ಎರಡು ಸಲ ಓದುತ್ತಿದ್ದರು.

ಮೊಟ್ಟೆಗೆ ಲೈಸೆನ್ಸು, ಗೂಡಿಗೆ ಮಾರುಕಟ್ಟೆ, ನೂಲಿಗೆ ಎಕ್ಸ್‌ಚೇಂಜು. ಗೂಡಿಗೂ ನೂಲಿಗೂ ನಡುವೆ ಬಿಸಿನೀರಲ್ಲಿ ಅದ್ದಿಕೊಂಡಿರುವ ಕೈಗೆ ಮಾತ್ರ ಯಾವ ಮಾರುಕಟ್ಟೆಯೂ ಇರಲಿಲ್ಲ, ಯಾವ ಚೀಟಿಯೂ ಇರಲಿಲ್ಲ. ಅಂಗಳದಿಂದ ಓಡಿಸಿದ ದಳ್ಳಾಳಿ ಫಿಲೇಚರಿನ ಹಿಂಬಾಗಿಲಿನಿಂದ ಒಳಗೆ ಬಂದದ್ದು ಹೀಗೆ ಎಂದು ನಾನು ನಂಬಿದ್ದೇನೆ.

ಅವನ ಕೆಲಸ ಸರಳ. ಯಾರ ಮನೆಯಲ್ಲಿ ಮದುವೆಯಿದೆ, ಯಾರ ಮನೆಯಲ್ಲಿ ಕಾಯಿಲೆಯಿದೆ ಎಂದು ತಿಳಿದಿರಬೇಕು. ಮಾಲೀಕನಿಂದ ಮುಂಗಡ ಕೊಡಿಸಬೇಕು, ಬದಲಿಗೆ ಆ ಮನೆಯ ಒಂದು ಜೊತೆ ಕೈಯನ್ನು ಬಿಸಿನೀರಿನ ಬೇಸಿನ್ನಿಗೆ ತಂದು ಕೂರಿಸಬೇಕು. ಮುಂಗಡ ತೀರುವತನಕ ಬಿಟ್ಟುಹೋಗುವಂತಿಲ್ಲ. ಕೂಲಿಯೋ ಸಣ್ಣದು, ಹಬ್ಬಕ್ಕೋ ಆಸ್ಪತ್ರೆಗೋ ಮತ್ತೆ ಕೈಚಾಚಬೇಕು. ಒಳ್ಳೆಯ ಕೈ ಎಂದು ಹೆಸರಾದರೆ ಬೇರೆ ಮಾಲೀಕ ಹಳೆಯ ಬಾಕಿ ಕಟ್ಟಿ ಬಿಡಿಸಿಕೊಳ್ಳುತ್ತಾನೆ. ಸಾಲ ತೀರುವುದಿಲ್ಲ, ಸಾಲ ಕೊಟ್ಟವನು ಬದಲಾಗುತ್ತಾನೆ ಅಷ್ಟೆ. ಪ್ರತಿ ಸಲ ನಡುವೆ ನಿಂತವನಿಗೆ ಅವನ ಪಾಲು.

ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಹತ್ತೊಂಬತ್ತನೇ ಶತಮಾನ ಹೊರಳುವ ಹೊತ್ತಿಗೆ ಜಮ್‌ಷೆಟ್‌ಜಿ ಟಾಟಾ ಬೆಂಗಳೂರಿಗೆ ರೇಷ್ಮೆ ತಜ್ಞರನ್ನು ಕರೆಸಿದ್ದು ಜಪಾನಿನಿಂದ. ಅದೇ ಕಾಲದಲ್ಲಿ ಜಪಾನಿನ ಸುವಾ ಸೀಮೆಯ ರೇಷ್ಮೆ ಗಿರಣಿಗಳಿಗೆ ಗುಡ್ಡಗಾಡಿನ ಹಳ್ಳಿಗಳಿಂದ ಹುಡುಗಿಯರನ್ನು ತರಲು ಏಜೆಂಟರು ಅಪ್ಪಂದಿರ ಕೈಗೆ ಮುಂಗಡ ಇಡುತ್ತಿದ್ದರು. ಒಬ್ಬರ ಕೆಲಸಗಾರ್ತಿಯರನ್ನು ಇನ್ನೊಬ್ಬರು ಸೆಳೆಯುವುದು ಮಿತಿಮೀರಿದಾಗ ಮಾಲೀಕರೆಲ್ಲ ಕೂಡಿ ಒಕ್ಕೂಟ ಕಟ್ಟಿ, ಹುಡುಗಿಯರನ್ನು ಗಿರಣಿವಾರು ನೋಂದಾಯಿಸಿಕೊಂಡರು. ಅಲ್ಲಿ ನಿಯಮ ಬಂದದ್ದು ಮಾಲೀಕರು ಒಬ್ಬರಿಂದೊಬ್ಬರನ್ನು ಕಾಪಾಡಿಕೊಳ್ಳುವುದಕ್ಕೆ. ಹುಡುಗಿಯನ್ನು ಕೇಳಿದವರಿಲ್ಲ.

ನಮ್ಮಲ್ಲಿ ಅಂಥ ಹುಡುಗಿಯ ಪರವಾಗಿಯೇ ಕಾನೂನಿತ್ತು. ತುರ್ತುಪರಿಸ್ಥಿತಿಯ ಕಾಲದ ಜೀತ ರದ್ದತಿ ಕಾಯ್ದೆ, 1976ರದು, ದುಡಿಮೆಯನ್ನು ಒತ್ತೆಯಿಟ್ಟು ಪಡೆದ ಸಾಲವನ್ನು ಸಾಲವೆಂದೇ ಒಪ್ಪುವುದಿಲ್ಲ, ವಸೂಲಿ ಮಾಡುವುದೇ ಅಪರಾಧ. ಆದರೆ ಜೀತ ಎಂದರೆ ಗೌಡರ ಹೊಲದ ಆಳು ಎಂದೇ ನಾವೆಲ್ಲ ತಿಳಿದಿದ್ದೆವು. ಪೇಟೆಯಲ್ಲಿ, ಕರೆಂಟು ದೀಪದ ಕೆಳಗೆ, ದಿನಗೂಲಿ ಪಡೆಯುವವಳೂ ಜೀತದವಳಾಗಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಮೇಷ್ಟರ ಕೆಲಸ ಮಾಡುತ್ತಿದ್ದ ನನಗೂ ಹೊಳೆಯಲಿಲ್ಲ.

ನಮ್ಮ ಜಿಲ್ಲೆ ಇನ್ನೂ ಕೋಲಾರವಾಗಿದ್ದ ಕಾಲ, 1994. ನಾಲ್ಕನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿಯೊಬ್ಬಳು ದಸರಾ ರಜೆ ಮುಗಿದ ಮೇಲೆ ಬರಲಿಲ್ಲ. ಯುಗಾದಿಯ ಹೊತ್ತಿಗೆ ಎರಡು ದಿನ ಬಂದಳು. ಬೆರಳ ತುದಿಗಳು ಬಿಳಿಚಿಕೊಂಡು ಸಿಪ್ಪೆ ಎದ್ದಿದ್ದವು, ಉಗುರಿನ ಸುತ್ತ ಬಿರುಕು. ಪೆನ್ಸಿಲ್ ಹಿಡಿದರೆ ಜಾರುತ್ತಿತ್ತು. ಕೈಗವಸು ಹಾಕಿಕೊಳ್ಳಬಾರದಾ ಎಂದೆ. "ಎಳೆ ಗೊತ್ತಾಗಲ್ಲ ಮೇಡಂ," ಅಂದಳು. ಕುದಿನೀರಿನ ಗೂಡಿನಿಂದ ತುದಿ ಹುಡುಕಬೇಕಾದರೆ ಬರಿಬೆರಳೇ ಬೇಕು. ಜೇಡರ ಬಲೆಗಿಂತ ಚೂರು ದಪ್ಪದ ಎಳೆ ಅದು, ಒಂದೊಂದು ಗೂಡಿನಲ್ಲೂ ನೂರಾರು ಮೀಟರ್.

ಆಮೇಲೆ ಅವಳು ಬರಲಿಲ್ಲ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಅಪಾಯದ ಕೆಲಸಕ್ಕೆ ಮಗುವನ್ನು ಹಚ್ಚಿದ ಮಾಲೀಕ ಒಂದೊಂದು ಮಗುವಿಗೂ 20,000 ರೂಪಾಯಿ ಕಟ್ಟಬೇಕೆಂದಿತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ತಂದಾಗ ಅದರಲ್ಲಿ ಕರ್ನಾಟಕವೂ ಇತ್ತು. ಅದಕ್ಕೆಲ್ಲ ಮುಂಚೆ, 1995ರ ಬೇಸಿಗೆಯಲ್ಲಿ, ಅವಳನ್ನು ಹುಡುಕಿಕೊಂಡು ನಾನು ಒಂದು ಫಿಲೇಚರಿಗೆ ಹೋಗಿದ್ದೆ. ಒಳಗೆ ಹಬೆ, ಬೆಂದ ಹುಳುವಿನ ನಾತ. ಮಾಲೀಕರು ಕುರ್ಚಿ ಹಾಕಿಸಿದರು, ಟೀ ತರಿಸಿದರು. ಬಲವಂತ ಏನೂ ಇಲ್ಲ ಮೇಡಂ, ಲೆಕ್ಕ ನೋಡಿ ಎಂದು ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದರು.

ಒಂದು ಪುಟ ಪೂರ್ತಿ ಅವಳ ಅಪ್ಪನ ಹೆಸರಲ್ಲಿತ್ತು. ಹಿಂದಿನ ಮಾಲೀಕನ ಬಾಕಿ ಇಷ್ಟು, ಕರೆತಂದವನಿಗೆ ಇಷ್ಟು, ಅಜ್ಜಿಯ ಆಸ್ಪತ್ರೆಗೆ ಇಷ್ಟು, ಯುಗಾದಿ ಬಟ್ಟೆಗೆ ಇಷ್ಟು. ಹುಡುಗಿಯ ಹೆಸರು ಎಲ್ಲೂ ಇರಲಿಲ್ಲ. ಆರು ತಿಂಗಳ ದುಡಿಮೆಯ ನಂತರ ಕೆಳಗಿನ ಸಾಲಿನ ಮೊತ್ತ ಮೇಲಿನ ಸಾಲಿನದಕ್ಕಿಂತ ದೊಡ್ಡದಿತ್ತು. ನಾನು ಟೀ ಕುಡಿದು, ನೋಟ್‌ಬುಕ್ ವಾಪಸು ಕೊಟ್ಟು, ಮನೆಗೆ ಬಂದೆ.