ತಡೆದು ನಿಂತ ಸ್ವರ: ಸಸ್ಪೆನ್ಷನ್ ಸಿದ್ಧಾಂತದ ಐದು ಶತಮಾನ

ಹಲವು ದನಿಗಳು ಒಟ್ಟಿಗೆ ಸಾಗುವ ಯುರೋಪಿನ ಸಂಗೀತದಲ್ಲಿ ಸ್ವರಗಳ ತಿಕ್ಕಾಟಕ್ಕೊಂದು ಕಟ್ಟುಪಾಡು ಬೇಕಾಯಿತು. ಸಸ್ಪೆನ್ಷನ್ ಆ ಕಟ್ಟುಪಾಡಿನ ನಡುಗಂಬ. ನಮ್ಮ ಸ್ವರನಾಮಗಳಲ್ಲೇ ಅದನ್ನು ಹೇಳಬಹುದು. ಕೆಳದನಿ ಮಧ್ಯಮದಲ್ಲಿದೆ, ಮೇಲ್ದನಿ ತಾರಷಡ್ಜದಲ್ಲಿದೆ, ಎರಡೂ ಹೊಂದುತ್ತವೆ. ಇದು ಸಿದ್ಧತೆ. ಕೆಳದನಿ ಪಂಚಮಕ್ಕೆ ಏರಿದರೂ ಮೇಲ್ದನಿ ಷಡ್ಜ ಬಿಡುವುದಿಲ್ಲ. ಬಲವಾದ ಪೆಟ್ಟಿನ ಮೇಲೆ ಕೇಳುವ ಈ ಅಂತರ ವಿಸಂವಾದ. ಆಮೇಲೆ ಷಡ್ಜ ಒಂದು ಮೆಟ್ಟಿಲಿಳಿದು ಕಾಕಲಿ ನಿಷಾದಕ್ಕೆ ಬಂದರೆ ಪರಿಹಾರ. ಭರತನ ಲೆಕ್ಕದಲ್ಲಿ ಒಂಬತ್ತು ಶ್ರುತಿಗಳ ಈ ಅಂತರ ಸಂವಾದಿಯೇ. ದನಿಗಳನ್ನು ಹೆಣೆಯುವ ಕೌಂಟರ್‌ಪಾಯಿಂಟ್ ಶಾಸ್ತ್ರ ಮಾತ್ರ ಕೆಳದನಿಯ ಮೇಲೆ ಅದು ಬಂದರೆ ಬಗೆಹರಿಯಲೇಬೇಕು ಎನ್ನುತ್ತದೆ.

1477ರಲ್ಲಿ ಟಿಂಕ್ಟೋರಿಸ್ ಬರೆದ ಕೌಂಟರ್‌ಪಾಯಿಂಟ್ ಗ್ರಂಥ ವಿಸಂವಾದಕ್ಕೆ ಎಲ್ಲೆಲ್ಲಿ ಜಾಗವುಂಟೆಂದು ಗೆರೆ ಎಳೆಯಿತು. 1558ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಜಾರ್ಲಿನೊನ ಗ್ರಂಥ ಅದಕ್ಕೆ ಕಾರಣವನ್ನೂ ಕೊಟ್ಟಿತು: ವಿಸಂವಾದದ ಬೆನ್ನಿಗೆ ಬರುವ ಸಂವಾದ ಇನ್ನಷ್ಟು ಇಂಪಾಗುತ್ತದೆ.

ಜಗಳ ಹತ್ತಿದ್ದು 1600ರಲ್ಲಿ. ಮಾಂಟೆವೆರ್ಡಿಯ ‘ಕ್ರೂಡಾ ಅಮರಿಲ್ಲಿ’ಯಲ್ಲಿ ಸಿದ್ಧತೆಯಿಲ್ಲದೆ ನುಗ್ಗುವ ವಿಸಂವಾದಗಳನ್ನು ಜಾರ್ಲಿನೊನ ಶಿಷ್ಯ ಆರ್ಟೂಸಿ, ಕರ್ತೃವಿನ ಹೆಸರೆತ್ತದೆ, ಖಂಡಿಸಿದ. ಇದು ‘ಎರಡನೆಯ ಪದ್ಧತಿ’, ಇಲ್ಲಿ ಸಾಹಿತ್ಯವೇ ಒಡತಿ ಎಂಬ ಉತ್ತರ ಮಾಂಟೆವೆರ್ಡಿಯ ಕಡೆಯಿಂದ ಬಂತು. ನಿಯಮ ಸಾಯಲಿಲ್ಲ, ಅದನ್ನು ಮೀರುವುದಕ್ಕೂ ಅರ್ಥ ಬಂತು, ಅಷ್ಟೆ.

ಹದಿನೆಂಟನೆಯ ಶತಮಾನದಲ್ಲಿ ಶಾಸ್ತ್ರ ಕವಲೊಡೆಯಿತು. ರಾಮೋ 1722ರಲ್ಲಿ ಎಲ್ಲಕ್ಕೂ ಸ್ವರಮೇಳವೇ ಮೂಲವೆಂದು ಹಿಡಿದು, ಅನೇಕ ಸಸ್ಪೆನ್ಷನ್‌ಗಳನ್ನು ಮೂಲಸ್ವರದ ಕೆಳಗೆ ಇನ್ನೊಂದು ಸ್ವರ ಸೇರಿದ ಮೇಳಗಳೆಂದು ವಿವರಿಸಿದ. 1725ರಲ್ಲಿ ವಿಯೆನ್ನಾದ ಫುಕ್ಸ್‌ಗೆ ಸಸ್ಪೆನ್ಷನ್ ಬರಬೇಕಾದ ಸ್ವರದ ವಿಳಂಬ ಮಾತ್ರ. ಅವನ ಪುಸ್ತಕದ ಐದು ಹಂತದ ಪಾಠದಲ್ಲಿ ನಾಲ್ಕನೆಯದು ಪೂರ್ತಿ ಇದರ ಅಭ್ಯಾಸ. ಹೇಡನ್ ಆ ಪುಸ್ತಕದಿಂದಲೇ ಕಲಿತವನು. ಬಾಖ್‌ನ ಶಿಷ್ಯ ಕಿರ್ನ್‌ಬರ್ಗರ್ 1771ರಿಂದ ಹೊರತಂದ ಗ್ರಂಥದಲ್ಲಿ ಕೊಟ್ಟ ಒರೆಗಲ್ಲು ಸರಳ: ಅದೇ ಕೆಳಸ್ವರದ ಮೇಲೆ ಬಗೆಹರಿಯಬಲ್ಲದ್ದು ಆಗಂತುಕ ವಿಸಂವಾದ, ಅಂದರೆ ಸಸ್ಪೆನ್ಷನ್; ಬಗೆಹರಿಯಲು ಮೇಳವೇ ಬದಲಾಗಬೇಕಾದದ್ದು ಮೂಲಭೂತ ವಿಸಂವಾದ, ಅಂದರೆ ಏಳನೆಯ ಸ್ವರ.

1863ರಲ್ಲಿ ಹೆಲ್ಮ್‌ಹೋಲ್ಟ್ಸ್ ವಿಸಂವಾದದ ಒರಟುತನವನ್ನು ಉಪಸ್ವರಗಳ ನಡುವಿನ ಕಂಪನದ ಬಡಿತಗಳಲ್ಲಿ ಗುರುತಿಸಿದ. ಎರಡೇ ವರ್ಷದಲ್ಲಿ ಮ್ಯೂನಿಕ್‌ನಲ್ಲಿ ರಂಗವೇರಿದ ವಾಗ್ನರ್‌ನ ‘ಟ್ರಿಸ್ಟಾನ್’ ಮೊದಲ ಮೇಳವನ್ನೇ ಇನ್ನೊಂದು ವಿಸಂವಾದಕ್ಕೆ ಇಳಿಸಿ ನಿಲ್ಲಿಸಿತು. ಶೆಂಕರ್ 1910ರಲ್ಲಿ ಮತ್ತೆ ದನಿಗಳ ನಡೆಯತ್ತ ತಿರುಗಿದ. ಮರುವರ್ಷ ಶೋನ್‌ಬರ್ಗ್ ಸಂವಾದ-ವಿಸಂವಾದಗಳದ್ದು ಜಾತಿಭೇದವಲ್ಲ, ಪ್ರಮಾಣಭೇದ ಎಂದ.

ಬಡಿತದ ಲೆಕ್ಕ ಒರಟುತನವನ್ನು ವಿವರಿಸೀತು. ಷಡ್ಜ ನಿಷಾದಕ್ಕೇ ಏಕೆ ಇಳಿಯಬೇಕು ಎಂಬುದನ್ನಲ್ಲ. ಅದು ದನಿಗಳ ನಡೆಯಿಂದ ಹುಟ್ಟಿದ ವ್ಯಾಕರಣ. ಆದ್ದರಿಂದಲೇ ಫುಕ್ಸ್‌ನ ನಾಲ್ಕನೆಯ ಹಂತ ಇಂದಿಗೂ ಪಾಠದಲ್ಲಿದೆ. ಸಸ್ಪೆನ್ಷನ್ ಕಲಿಯುವವರು ಮೇಳದ ಹೆಸರು ಹುಡುಕುವ ಮೊದಲು ಎರಡೂ ದನಿಗಳನ್ನು ಹಾಡಿ ನೋಡಲಿ.