ಹದಿನೆಂಟರ ಹೊಸ್ತಿಲಲ್ಲಿರುವ ಮಕ್ಕಳು: ಪಾಲಕರಿಗೆ ಕೆಲವು ತಿಳಿವಳಿಕೆ

ಎಸ್ಸೆಸ್ಸೆಲ್ಸಿ ಮುಗಿಸಿದ ದರೋಜಿಯ ಮಕ್ಕಳು ಪಿಯುಸಿ, ಐಟಿಐ, ಡಿಪ್ಲೊಮಾಗಳಿಗಾಗಿ ಸಂಡೂರು, ಕಂಪ್ಲಿ, ಹೊಸಪೇಟೆ, ಬಳ್ಳಾರಿಗಳ ಕಡೆಗೆ ಹೊರಡುತ್ತಾರೆ. ಅದುವರೆಗೆ ಊರಿನ ಕಣ್ಣಳತೆಯಲ್ಲಿದ್ದವರು ಬೆಳಗಿನ ಬಸ್ಸು ಅಥವಾ ರೈಲು ಹತ್ತಿ ಸಂಜೆ ಮರಳುವವರಾಗುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅವರಿನ್ನೂ ಮಕ್ಕಳು, ತಮ್ಮ ದೃಷ್ಟಿಯಲ್ಲಿ ದೊಡ್ಡವರು. ಈ ವಯಸ್ಸಿನವರ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಅಳತೆಗೋಲುಗಳಿರುವುದನ್ನು ನಾವು ಬಹುಕಾಲದಿಂದ ಕಾಣುತ್ತಿದ್ದೇವೆ. ಮಗನಿಗೆ ಹದಿನೇಳಕ್ಕೇ ಬೈಕಿನ ಕೀಲಿಕೈ ದೊರೆಯುತ್ತದೆ. ಅದೇ ವಯಸ್ಸಿನ ಮಗಳಿಗೆ ವರಾನ್ವೇಷಣೆ ಆರಂಭವಾಗುತ್ತದೆ.

ಮೊದಲು ಬೈಕಿನ ಮಾತು. ಆಯುಧಪೂಜೆಯಂದು ಶ್ರೀಮಠದ ಮುಂದೆ ಹೊಸ ವಾಹನಗಳು ಸಾಲುಗಟ್ಟುತ್ತವೆ. ಪೂಜೆ ಮುಗಿದು ವಿಭೂತಿ ಹಚ್ಚಿದ ಮೇಲೆ ತಂದೆಯು ಮೀಸೆ ಚಿಗುರದ ಮಗನ ಕೈಗೆ ಕೀಲಿಕೈ ಇಡುವುದನ್ನು ಕಂಡು, ಸವಾರಿ ಮಾಡುವವರ ಚಾಲನಾ ಪರವಾನಗಿಯನ್ನು ಮೊದಲು ತೋರಿಸಿರೆಂದು ಕೇಳತೊಡಗಿದೆವು. ಕೆಲವರು ಮುನಿಸಿಕೊಂಡರು. ಪೂಜೆಗೂ ಪರವಾನಗಿಗೂ ಏನು ಸಂಬಂಧವೆಂದು ಒಬ್ಬ ಹಿರಿಯರು ಕೇಳಿಯೂ ಕೇಳಿದರು. ಸಂಬಂಧವಿದೆ. ಗೇರುಳ್ಳ ಬೈಕಿಗೆ ಕಲಿಕಾ ಪರವಾನಗಿಯೂ 18 ವರ್ಷ ತುಂಬುವ ಮೊದಲು ದೊರೆಯದು. ಹದಿನಾರಕ್ಕೆ ಅನುಮತಿಯಿರುವುದು 50 ಸಿಸಿ ಮೀರದ ವಾಹನಕ್ಕೆ ಮಾತ್ರ. ಅಂಥವು ಈಗ ಮಾರುಕಟ್ಟೆಯಲ್ಲಿ ಕಾಣುವುದೇ ಅಪರೂಪ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಪ್ರಾಪ್ತ ಮಗ ಇಂಥ ಅಪರಾಧವೆಸಗಿದರೆ ಪಾಲಕರು ಅಥವಾ ವಾಹನದ ಮಾಲೀಕರೇ ಹೊಣೆಗಾರರು. ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಲಾರಿಗಳ ನಡುವೆ ತೋರಣಗಲ್ಲಿನ ರಸ್ತೆಯಲ್ಲಿ ಒಮ್ಮೆ ಹೋಗಿ ಬಂದವರಿಗೆ ಈ ಕಠಿಣತೆ ಅತಿಯೆನಿಸಲಾರದು.

ಇನ್ನು ಮಗಳ ಮಾತು. ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರಂತೆ ವಧುವಿಗೆ 18, ವರನಿಗೆ 21 ವರ್ಷ ತುಂಬಿರಬೇಕು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಮಾಡಿಸಿದ ಪಾಲಕರಷ್ಟೇ ಅಲ್ಲ, ಮಂತ್ರ ಹೇಳಿದ ಪುರೋಹಿತರೂ ಶಿಕ್ಷಾರ್ಹರು. ಆದುದರಿಂದ ವಯಸ್ಸಿನ ದಾಖಲೆಯಿಲ್ಲದೆ ಶ್ರೀಮಠದಲ್ಲಿ ಲಗ್ನಪತ್ರಿಕೆಯನ್ನು ಸ್ವೀಕರಿಸುವುದಿಲ್ಲ. "ಒಳ್ಳೆಯ ಸಂಬಂಧ, ಕೈತಪ್ಪೀತು" ಎಂಬ ಮಾತನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಸಂಬಂಧ ಒಳ್ಳೆಯದೇ ಆಗಿದ್ದರೆ ಕಾಯುತ್ತದೆ. ಅಂಥ ಒತ್ತಡದಲ್ಲಿರುವ ಬಾಲಕಿ ತಾನೇ 1098ಕ್ಕೆ ಕರೆ ಮಾಡಬಹುದು. ಈ ಸಂಖ್ಯೆ ಅವಳಿಗೆ ತಿಳಿದಿರುವುದು ತಾಯಂದಿರಿಗೆ ಮುಜುಗರದ ವಿಷಯವಾಗಬಾರದು.

ಆರೋಗ್ಯದಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ರಕ್ತಹೀನತೆ. ಹಿಮೋಗ್ಲೋಬಿನ್ ಬಾಲಕಿಯರಲ್ಲಿ 12 ಗ್ರಾಂಗಿಂತ, ಹದಿನೈದು ದಾಟಿದ ಬಾಲಕರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಅರ್ಥ. ಓದಲು ಕುಳಿತರೆ ತೂಕಡಿಸುವ ಮಗಳನ್ನು ಸೋಮಾರಿಯೆಂದು ಗದರಿಸುವ ಮುನ್ನ ರಕ್ತಪರೀಕ್ಷೆ ಮಾಡಿಸಿರಿ. 10ರಿಂದ 19 ವರ್ಷದವರಿಗೆ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಶಾಲೆ ಬಿಟ್ಟ ಬಾಲಕಿಯರಿಗೆ ಅಂಗನವಾಡಿಯಲ್ಲಿ ದೊರೆಯುತ್ತದೆ. ಊಟದ ನಂತರ ನುಂಗಬೇಕು, ಚಹದೊಂದಿಗೆ ಕೂಡದು. ಮಲ ಕಪ್ಪಾಗುವುದು ಸಹಜ, ಹೆದರಿ ಬಿಡಬಾರದು. ವರ್ಷಕ್ಕೆರಡು ಬಾರಿ ಜಂತುಹುಳುವಿನ ಮಾತ್ರೆ, ಹದಿನಾರಕ್ಕೆ ಟಿಡಿ ಚುಚ್ಚುಮದ್ದು ಮರೆಯದಿರಲಿ.

ಮತ್ತೊಂದು ಸಂಗತಿ. ವೈದ್ಯರ ಬಳಿ ಹೋದಾಗ ಸ್ವಲ್ಪ ಹೊತ್ತು ಹೊರಗೆ ನಿಂತು, ಮಗ ಅಥವಾ ಮಗಳು ತಾನೇ ಮಾತನಾಡಲು ಬಿಡಿರಿ. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಇಷ್ಟಲಿಂಗವನ್ನು ಪ್ರತಿಯೊಬ್ಬರೂ ತಮ್ಮ ಅಂಗೈಯಲ್ಲಿಟ್ಟು ತಾವೇ ಪೂಜಿಸಬೇಕೆಂದು ವಿಧಿಸಿದ ಪರಂಪರೆ ನಮ್ಮದು; ಮಗಳ ಪರವಾಗಿ ತಾಯಿ ಪೂಜಿಸಲಾರಳು. ತನ್ನ ದೇಹದ ನೋವನ್ನು ತಾನೇ ಹೇಳಿಕೊಳ್ಳುವುದೂ ಅಂಥದೇ ಅಭ್ಯಾಸ.

ನಮ್ಮೂರಿಗಷ್ಟೇ ಸಲ್ಲುವ ಎಚ್ಚರಿಕೆಯೂ ಒಂದಿದೆ. 1994ರಲ್ಲಿ ಘೋಷಿತವಾದ ಕರಡಿಧಾಮ ನಮ್ಮ ನೆರೆಯಲ್ಲಿದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಡ್ಡದಂಚಿನ ಹೊಲಕ್ಕೆ ಹುಡುಗರನ್ನು ಒಂಟಿಯಾಗಿ ಕಳುಹಿಸಬಾರದು. ಮಾತನಾಡುತ್ತ, ಸದ್ದು ಮಾಡುತ್ತ ಜೊತೆಯಾಗಿ ನಡೆಯಬೇಕು. ಕರಡಿ ಹೆಚ್ಚಾಗಿ ಎರಗುವುದು ಹತ್ತಿರದಲ್ಲಿ ಹಠಾತ್ತನೆ ಮನುಷ್ಯರನ್ನು ಕಂಡು ಬೆದರಿದಾಗ. ಈಜು ಬಾರದವರು ಕೆರೆ, ಕಾಲುವೆಗೆ ಇಳಿಯಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪಿಯುಸಿ ಫಲಿತಾಂಶದ ದಿನ ಮನೆಯಲ್ಲಿ ಯಾರಾದರೂ ಇರಲೇಬೇಕು. ಅನುತ್ತೀರ್ಣರಾದವರಿಗೆ ಅದೇ ವರ್ಷ ಮತ್ತೊಂದು ಪರೀಕ್ಷೆಯಿದೆ. ನೆರೆಮನೆಯವರ ಮಗನ ಅಂಕಗಳ ವಿಚಾರ ಅಂದು ಬೇಡ. ಊಟ ಬಿಟ್ಟ, ನಿದ್ದೆಗೆಟ್ಟ, ಸಾಯುವ ಮಾತಾಡುವ ಮಗುವನ್ನು ಒಂಟಿಯಾಗಿ ಬಿಡದೆ 14416ಕ್ಕೆ ಕರೆ ಮಾಡಿರಿ. ಇದು ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ. ಕನ್ನಡದಲ್ಲಿಯೇ ಮಾತನಾಡಬಹುದು, ಹಗಲಿರುಳೂ ಲಭ್ಯ.

ಹದಿನೆಂಟು ತುಂಬಿದಾಗ ಬ್ಯಾಂಕ್ ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಾಯಿಸಬೇಕು. ಅದಕ್ಕೆ ಮೊದಲೇ, ಹದಿನೇಳು ತುಂಬಿದವರು ಮತದಾರರ ಪಟ್ಟಿಗೆ ನಮೂನೆ 6ರಲ್ಲಿ ಮುಂಗಡ ಅರ್ಜಿ ಸಲ್ಲಿಸಬಹುದು. ಆ ಅರ್ಜಿಯನ್ನು ಅಪ್ಪ ತುಂಬುವುದು ಬೇಡ. ಮಗಳು ತಾನೇ ತುಂಬಲಿ. ತಪ್ಪಾದರೆ ಇನ್ನೊಂದು ನಮೂನೆ ತರೋಣ.